ಪುಸ್ತಕದಲ್ಲಿ ಇಲ್ಲದ ಸ್ಟೀರಿಂಗ್

ಅಪ್ಪ ಅಮ್ಮ ಇಟ್ಟ ಹೆಸರೊಂದು ಅವಳಿಗೂ ಇತ್ತು. ಕರೆಂಟಿನ ಬಿಲ್ಲಿನ ಮೇಲೆ ಬಿಟ್ಟರೆ ಅದು ಬೇರೆಲ್ಲೂ ಕೆಲಸಕ್ಕೆ ಬಂದದ್ದಿಲ್ಲ. ಊರಿನ ಗ್ಯಾರೇಜುಗಳಿಗೆಲ್ಲ ಅವಳು ನಂಬರಕ್ಕ. ಕಾರು ಮಾರುವ ದೊಡ್ಡ ಅಂಗಡಿಯೊಂದರ ಹಿಂಭಾಗದಲ್ಲಿ, ಬಿಡಿಭಾಗ ಕೊಡುವ ಕಿಟಕಿಯ ಹಿಂದೆ ಇಪ್ಪತ್ತಾರು ವರ್ಷ ನಿಂತವಳು. ಯಾವ ಕಾರಿನ ಯಾವ ಭಾಗ ಕೇಳಿದರೂ ಅದರ ಏಳಂಕಿಯ ನಂಬರನ್ನು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಿದ್ದಳು. ಗಂಡ ಹುಟ್ಟಿದ ತಾರೀಖು ಮಾತ್ರ ವರ್ಷ ವರ್ಷವೂ ಮರೆತುಹೋಗುತ್ತಿತ್ತು.

"ನನ್ನ ಬೆನ್ನ ಮೇಲೂ ಒಂದು ನಂಬರು ಒತ್ತಿ ಕಳಿಸಿದ್ದಿದ್ರೆ ನೆನಪಿಟ್ಕೋತಿದ್ದೆ ನೀನು," ಎನ್ನುತ್ತಿದ್ದ ಗಂಡ. ಅವನು ದರ್ಜಿ. ಅಳತೆಯ ಟೇಪು ಕೊರಳಲ್ಲಿ ಇಲ್ಲದೆ ಅವನನ್ನು ಕಂಡವರು ಕಡಿಮೆ.

"ಬೆನ್ನ ಮೇಲೆ ಒತ್ತಲ್ಲ ರೀ. ಒಳಗಡೆ ಒತ್ತಿರ್ತಾರೆ. ಬಿಚ್ಚಿ ನೋಡ್ಬೇಕಾಗುತ್ತೆ."

"ಹಾಗಾದ್ರೆ ಬೇಡ ಬಿಡು."

ಆ ದೊಡ್ಡ ಅಂಗಡಿ ಮುಚ್ಚಿದಾಗ, ಯಾರೂ ಕೇಳದ ಹಳೆಯ ಮಾದರಿಗಳ ಸಾಮಾನನ್ನೆಲ್ಲ ಗುಜರಿಗೆ ಹಾಕುವ ಮಾತು ಬಂತು. ಅವಳು ಒಂದು ಕೈಗಾಡಿ ತಂದಳು. ಏಳು ಸಲ ಓಡಾಡಿ ಎಲ್ಲವನ್ನೂ ಗಂಡನ ಹೊಲಿಗೆ ಅಂಗಡಿಯ ಹಿಂದಿನ ಕೋಣೆಗೆ ಸಾಗಿಸಿದಳು. ಈಗ ಆ ಕೋಣೆಯಲ್ಲಿ ನೆಲದಿಂದ ಸೂರಿನವರೆಗೆ ಕಬ್ಬಿಣದ ಕಪಾಟುಗಳು. ಮೇಣದ ಕಾಗದ ಸುತ್ತಿದ ಬೇರಿಂಗುಗಳು, ಹುಲ್ಲು ತುಂಬಿದ ಪೆಟ್ಟಿಗೆಗಳಲ್ಲಿ ದೀಪದ ಗಾಜುಗಳು, ಗಂಡ ಮಿಕ್ಕ ಬಟ್ಟೆಯಲ್ಲಿ ಹೊಲಿದುಕೊಟ್ಟ ಅಂಗೈಯಗಲದ ಚೀಲಗಳಲ್ಲಿ ಸ್ಕ್ರೂಗಳು. ಮುಂದೆ ಹೊಲಿಗೆ ಯಂತ್ರದ ಸದ್ದು, ಹಿಂದೆ ಗ್ರೀಸಿನ ವಾಸನೆ. ಪ್ಯಾಂಟು ಹೊಲಿಸಲು ಬಂದವರು ಕಾರ್ಬ್ಯುರೇಟರ್ ನೋಡಿಕೊಂಡು ಹೋಗುವುದು, ಕಾರ್ಬ್ಯುರೇಟರ್ ಹುಡುಕಿ ಬಂದವರು ಪ್ಯಾಂಟಿನ ಅಳತೆ ಕೊಟ್ಟು ಹೋಗುವುದು ಅಲ್ಲಿ ಮಾಮೂಲು.

ಹಳೆಯ ಕಾರನ್ನು ಮತ್ತೆ ಮೊದಲಿನಂತೆ ಮಾಡಿಸುವ ಆಸೆ ಹೊತ್ತವರು ದೂರದೂರದಿಂದ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಅವಳಲ್ಲಿ ಇಲ್ಲದ್ದನ್ನು ಅವಳೇ ಹುಡುಕಿ ತರಿಸುತ್ತಿದ್ದಳು. ಬಂದ ಭಾಗವನ್ನು ಮೊದಲು ಅಂಗೈಯಲ್ಲಿಟ್ಟು ತೂಗುವಳು. ಉಗುರಿನಿಂದ ತಟ್ಟಿ ಕಿವಿಗೊಡುವಳು. ರಬ್ಬರಾದರೆ ಮೂಸುವಳು. ಮರೆಯಲ್ಲಿರುವ ಅಂಚನ್ನು ಬೆರಳಿನಿಂದ ಸವರುವಳು; ಕಾರ್ಖಾನೆಯವರು ಕಣ್ಣಿಗೆ ಬೀಳದ ಕಡೆ ಅರ ಹಾಕುವ ಗೋಜಿಗೆ ಹೋಗುತ್ತಿರಲಿಲ್ಲ, ನಕಲಿ ಮಾಡುವವರು ಅಲ್ಲಿಯೂ ನುಣ್ಣಗೆ ಮಾಡಿರುತ್ತಾರೆ. "ಕಳ್ಳನಿಗೇ ನೋಡಿ ಶಿಸ್ತು ಜಾಸ್ತಿ," ಎನ್ನುವುದು ಅವಳ ಮಾತು. ಕೊನೆಗೆ, ನೀಲಿ ರಟ್ಟಿನ ದಪ್ಪ ಪುಸ್ತಕ ತೆರೆದು ನಂಬರು ತಾಳೆ ನೋಡುವಳು. ಯಾವ ಕಾರಿಗೆ ಯಾವ ಭಾಗ ಎಂದು ಕಾರ್ಖಾನೆಯೇ ಚಿತ್ರ ಸಮೇತ ಅಚ್ಚು ಹಾಕಿಸಿದ ಪುಸ್ತಕ ಅದು. ಆ ಪುಸ್ತಕಕ್ಕೆ ಅವಳು ಎದುರು ಮಾತಾಡಿದವಳಲ್ಲ. ನಂಬರಕ್ಕ ಒರಿಜಿನಲ್ ಅಂದರೆ ಒರಿಜಿನಲ್, ಅಲ್ಲ ಅಂದರೆ ಅಲ್ಲ; ಮೇಲ್ಮನವಿ ಇರಲಿಲ್ಲ.

ಗಣಿತದ ಮೇಷ್ಟ್ರ ಕಾರು ಬಂದದ್ದು ಹೀಗೆ. ಮೇಷ್ಟ್ರು ಕೆಲಸದಿಂದ ನಿವೃತ್ತರಾದ ತಿಂಗಳಲ್ಲೇ, ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಹದಿನೆಂಟು ವರ್ಷ ಟಾರ್ಪಾಲಿನಡಿ ನಿಂತಿದ್ದ ಅಪ್ಪನ ಕಾರನ್ನು ಗ್ಯಾರೇಜಿಗೆ ಎಳೆಸಿದರು. ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಮೇಷ್ಟ್ರಿಗೆ ಹನ್ನೊಂದು ತುಂಬಿದಾಗ ಕೊಂಡ ಹೊಸ ಕಾರು. ಕೊನೆಯವರೆಗೂ ಬೇರೆ ಯಾರಿಗೂ ಅದನ್ನು ಓಡಿಸಲು ಬಿಟ್ಟಿರಲಿಲ್ಲ. "ಕಾರ್ಖಾನೆ ಗೇಟಿಂದ ಹೇಗೆ ಬಂತೋ ಹಾಗೇ ಆಗ್ಬೇಕು," ಎಂದರು ಮೇಷ್ಟ್ರು. ಅವರಿಗೆ ಬೇಕಾಗಿದ್ದದ್ದು ಅಷ್ಟೇ. ಗ್ಯಾರೇಜಿನ ಮೇಸ್ತ್ರಿ ಕಾರನ್ನು ಎಲುಬು ಎಲುಬಾಗಿ ಬಿಚ್ಚಿ, ಬೇಕಾದ ಭಾಗಗಳ ಪಟ್ಟಿ ಬರೆದು, ನಂಬರಕ್ಕನನ್ನು ಕರೆಸಿದ.

ಅವಳು ಕಾರಿನ ಸುತ್ತ ಒಂದು ಸುತ್ತು ಬಂದು, ಒಳಗೆ ತಲೆ ಹಾಕಿ, ಸ್ಟೀರಿಂಗಿನ ಮೇಲೆ ಕೈಯಿಟ್ಟು ನಿಂತುಬಿಟ್ಟಳು. ಕಪ್ಪು ಬಣ್ಣದ ದಪ್ಪ ಬಳೆ. ಹಿಡಿತಕ್ಕೆಂದು ಹಿಂಬದಿಯಲ್ಲಿ ಮಾಡಿದ್ದ ಗೀರುಗಳು ಎಡಗೈ ಕೂರುವ ಜಾಗದಲ್ಲಿ ಸವೆದು, ಹೊಳೆಕಲ್ಲಿನ ಹಾಗೆ ನುಣ್ಣಗಾಗಿದ್ದವು.

"ಇದು ಈ ಕಾರಿಂದಲ್ಲ ಮೇಷ್ಟ್ರೇ. ಇದು ಅದೇ ಕಂಪನಿಯ ವ್ಯಾನಿಂದು."

"ನಾನು ನೋಡಿದಾಗಿಂದ ಇದೇ ಇದೆಯಲ್ಲಮ್ಮ."

ಅವಳು ಪುಸ್ತಕ ತೆರೆದು ತೋರಿಸಿದಳು. ನೂರಾ ಹನ್ನೆರಡನೆಯ ಪುಟ. ತೆಳ್ಳನೆಯ ಬಿಳಿ ಸ್ಟೀರಿಂಗ್, ಪಕ್ಕದಲ್ಲೇ ನಂಬರು.

"ನಿಮ್ಮ ಹುಡುಗರು ಉತ್ತರ ಗೊತ್ತಿಲ್ದಿದ್ರೂ ಗಟ್ಟಿಯಾಗಿ ಹೇಳ್ತಾರಲ್ಲ, ನೆನಪೂ ಹಾಗೇ. ಎಲ್ಲರೂ ಅನ್ನೋದೇ, ಮೊದಲಿಂದ ಹೀಗೇ ಇತ್ತು ಅಂತ. ಯಾವಾಗ್ಲೋ ಕೆಟ್ಟಿರುತ್ತೆ, ಯಾರೋ ಕೈಗೆ ಸಿಕ್ಕಿದ್ದು ಹಾಕಿರ್ತಾರೆ."

ಮೇಷ್ಟ್ರು ಪುಟವನ್ನು ನೋಡಿದರು, ಸ್ಟೀರಿಂಗನ್ನು ನೋಡಿದರು. ಜೀವಮಾನವಿಡೀ ಸಾಧಿಸಿ ತೋರಿಸಿದ್ದಕ್ಕೆ ತಲೆಬಾಗಿ ಅಭ್ಯಾಸವಾದವರು. "ಪುಸ್ತಕದಲ್ಲೇ ಇದ್ದ ಮೇಲೆ ಮುಗೀತಲ್ಲ," ಎಂದು ನಕ್ಕರು. ನಗು ಕಿವಿಯವರೆಗೆ ಹೋಗಲಿಲ್ಲ ಎನ್ನುವುದನ್ನು ನಂಬರಕ್ಕ ಆಗ ಗಮನಿಸಲಿಲ್ಲ.

ಮೇಸ್ತ್ರಿ ಸ್ಟೀರಿಂಗ್ ಕಳಚಿದಾಗ ಅದರ ಬುಡದಿಂದ ಕಾಗದದಷ್ಟು ತೆಳ್ಳಗಿನ ಹಿತ್ತಾಳೆ ವಾಷರೊಂದು ಉದುರಿತು. "ಅಕ್ಕ, ಇದೇನು? ಇಲ್ಲಿ ಇಂಥದ್ದು ಇರಲ್ವಲ್ಲ."

"ನೋಡಿದ್ಯಾ? ಕೂರದೆ ಇದ್ದದ್ದನ್ನ ಕೂರಿಸೋಕೆ ಯಾರೋ ಮಾಡಿದ ಕಸರತ್ತು," ಎಂದಳು ಅವಳು. ಮೇಸ್ತ್ರಿ ಏನನ್ನೂ ಬಿಸಾಡುವ ಜಾತಿಯಲ್ಲ. ವಾಷರನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿದ. ಕಪ್ಪು ಸ್ಟೀರಿಂಗ್ ಅದೇ ವಾರ ಗುಜರಿಯವನ ಗಾಡಿ ಹತ್ತಿತು. ಹತ್ತಿಸಿದವಳು ನಂಬರಕ್ಕನೇ.

ಬಿಳಿ ಸ್ಟೀರಿಂಗು ಅವಳನ್ನು ನಾಲ್ಕು ತಿಂಗಳು ಅಲೆಸಿತು. ಬಂದದ್ದೆಲ್ಲ ಬಿರುಕು ಬಿಟ್ಟದ್ದು, ಬಣ್ಣ ಬಳಿದದ್ದು, ಒಂದಂತೂ ಪ್ಲಾಸ್ಟಿಕ್ಕಿನ ಶುದ್ಧ ಮೋಸ. ಕೊನೆಗೆ ಆರು ತಾಸು ಬಸ್ಸಿನ ದಾರಿಯ ಊರಿನಲ್ಲಿ, ಬಾಗಿಲು ಹಾಕಲಿದ್ದ ಅಂಗಡಿಯೊಂದರ ಅಟ್ಟದ ಮೇಲೆ, ಕಂದು ಕಾಗದದ ಹೊದಿಕೆ ಸಮೇತ ಸಿಕ್ಕಿತು. ತೂಗಿದಳು, ತಟ್ಟಿದಳು, ಸವರಿದಳು. ಅಪ್ಪಟ. ಬರುವಾಗ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಪಕ್ಕದ ಸೀಟಿನವರು, "ಡ್ರೈವರು ಕೈ ಬಿಟ್ರೆ ನೀವು ಓಡಿಸ್ತೀರೇನಮ್ಮ?" ಎಂದು ಕೇಳಿದರಂತೆ. ಗಂಡನಿಗೆ ಅದನ್ನು ಹೇಳಿ ಹೇಳಿ ನಕ್ಕಳು.

ಕಾರಿಗೆ ಅದು ಕೂತಾಗ ಗ್ಯಾರೇಜೇ ಬೆಳಗಿದಂತಾಯಿತು. ಮೇಷ್ಟ್ರು ಕೈಮುಗಿದರು. ಬರುವ ಭಾನುವಾರ, ಎಪ್ಪತ್ತು ದಾಟಿದ ತಮ್ಮ ಅಕ್ಕನನ್ನು ಕೂರಿಸಿಕೊಂಡು ಕಾರನ್ನು ಮೊದಲ ಸಲ ಹೊರಗೆ ತೆಗೆಯುವುದೆಂದು ಗೊತ್ತಾಯಿತು.

ಬುಧವಾರ ನಂಬರಕ್ಕ ಇನ್ನೊಂದು ಕಾರಿನ ಕಿಟಕಿ ಹಿಡಿಗಾಗಿ ಎಡಚ ತಾತನ ಮನೆಗೆ ಹೋದಳು. ಎಡಚ ತಾತ ಕಾರು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಾರು ಜೋಡಿಸಿದವನು. ಅವನ ಮಂಚದ ಕೆಳಗಿನ ಟ್ರಂಕಿನಲ್ಲಿ ಆಗೀಗ ಒಂದೊಂದು ಒಳ್ಳೆಯ ವಸ್ತು ಸಿಗುತ್ತಿತ್ತು. ಅಜ್ಜಿ ಚಹಾ ತಂದಿಟ್ಟಳು. ನಂಬರಕ್ಕ ಹೆಮ್ಮೆಯಿಂದ ಮೊಬೈಲು ತೆಗೆದು ಮೇಷ್ಟ್ರ ಕಾರಿನ ಚಿತ್ರ ತೋರಿಸಿದಳು.

ತಾತ ಕನ್ನಡಕ ಹಣೆಗೇರಿಸಿ ಚಿತ್ರವನ್ನು ಮೂಗಿನ ಹತ್ತಿರ ತಂದ. "ಚೆನ್ನಾಗಿದೆ. ಯಾವಾಗಿಂದು ಇದು?"

ಅವಳು ಇಸವಿ, ತಿಂಗಳು ಹೇಳಿದಳು. ಚಾಸಿ ನಂಬರನ್ನೂ ಒಪ್ಪಿಸಿದಳು.

"ಎರಡನೇ ತಿಂಗಳಾ? ಹಾಗಾದ್ರೆ ಬಿಳಿ ಸ್ಟೀರಿಂಗ್ ಎಲ್ಲಿಂದ ಬಂತು ಇದಕ್ಕೆ?"

"ಅದೇ ಅಲ್ವಾ ಇರೋದು? ಪುಸ್ತಕದಲ್ಲಿದೆ."

"ಪುಸ್ತಕ ಹಿಂದಿನ ವರ್ಷವೇ ಅಚ್ಚಾಗಿತ್ತಮ್ಮ. ಆ ವರ್ಷ ಬಿಳಿ ಬಳೆ ಅಚ್ಚು ಹಾಕೋ ಯಂತ್ರ ಕೆಟ್ಟು ಏಳು ವಾರ ಮಲಗಿತ್ತು. ಸಾಹೇಬರು ಬಂದು, ವ್ಯಾನಿನ ಕರೀದು ಹಾಕಿ ಕಳಿಸಿ, ಗಿರಾಕಿ ಕಾಯ್ತಿದ್ದಾರೆ ಅಂದ್ರು. ಹಾಕಿದ್ವಿ. ನಾನೇ ಹಾಕಿದೀನಿ, ದಿನಕ್ಕೆ ಎಂಟು, ಹತ್ತು. ವ್ಯಾನಿಂದು ಬುಡ ಒಂದು ಕೂದಲಷ್ಟು ಆಳ. ಅಲ್ಲಾಡ್ತಿತ್ತು. ಅದಕ್ಕೆ ಅಡಿಗೆ ತೆಳ್ಳಗೆ ಒಂದು—"

"ಹಿತ್ತಾಳೆ ವಾಷರ್," ಎಂದಳು ನಂಬರಕ್ಕ.

"ನಿಂಗೆ ಹೇಗೆ ಗೊತ್ತು?"

ಚಹಾ ಆರಿ ಕೆನೆ ಕಟ್ಟಿತು. ಕಿಟಕಿ ಹಿಡಿಯನ್ನು ತೆಗೆದುಕೊಳ್ಳುವುದನ್ನೇ ಮರೆತು ಎದ್ದಳು. ಅಜ್ಜಿ ಓಡಿಬಂದು ಅವಳ ಚೀಲಕ್ಕೆ ಹಾಕಬೇಕಾಯಿತು.

ನಕಲಿಯನ್ನು ಒರಿಜಿನಲ್ ಎಂದು ನಂಬಿ ಮೋಸ ಹೋಗುವುದು ಈ ಕಸುಬಿನಲ್ಲಿ ಎಲ್ಲರಿಗೂ ಒಮ್ಮೆ ಆಗುವಂಥದ್ದು. ಅವಳು ಮಾಡಿದ್ದು ತಿರುವುಮುರುವು. ಐವತ್ತು ವರ್ಷ ಒಂದೇ ಕಾರಿನಲ್ಲಿದ್ದ, ಒಬ್ಬನೇ ಮನುಷ್ಯನ ಕೈ ಸವೆಸಿದ ಅಪ್ಪಟ ಸ್ಟೀರಿಂಗನ್ನು ಸುಳ್ಳು ಎಂದು ಕರೆದು, ತನ್ನ ಕೈಯಾರೆ ಗುಜರಿಗೆ ಎಸೆದಿದ್ದಳು. ಅದೂ ಮಗ ಎದುರಿಗೇ ನಿಂತು, ಇದೇ ಇದ್ದದ್ದು ಅನ್ನುತ್ತಿರುವಾಗ.

ಮನೆಗೆ ಬಂದು ಗಂಡನ ಯಂತ್ರದ ಪಕ್ಕದ ಸ್ಟೂಲಿನಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಅವನು ಕಾಲರಿಗೆ ಹೊಲಿಗೆ ಹಾಕುತ್ತ ಕೇಳಿಸಿಕೊಂಡ.

"ಯಾರಿಗೂ ಗೊತ್ತಾಗಲ್ಲ ರೀ. ಮೇಷ್ಟ್ರಿಗೆ ಖುಷಿಯಾಗಿದೆ. ಪುಸ್ತಕವೂ ಸರಿ ಅನ್ನುತ್ತೆ."

"ಗೊತ್ತಾಗಲ್ಲ. ನಿಜ."

"ಮೂರನೇ ಕಪಾಟಿನಲ್ಲಿ ವ್ಯಾನಿನ ಸ್ಟೀರಿಂಗ್ ಒಂದಿದೆ. ಹೊಚ್ಚ ಹೊಸದು, ಕಾಗದ ಕೂಡ ಬಿಚ್ಚಿಲ್ಲ. ಅದನ್ನೇ ಹಾಕಿಸಿಬಿಟ್ರೆ? ಅದೇ ನಂಬರು, ಅದೇ ಅಚ್ಚು."

ಗಂಡ ಹೊಲಿಗೆ ನಿಲ್ಲಿಸಿದ. "ನೋಡು, ಇಲ್ಲಿಗೆ ಒಬ್ಬರು ಅಪ್ಪನ ಕೋಟು ತರ್ತಾರೆ, ಅಳತೆ ಚಿಕ್ಕದು ಮಾಡಿಕೊಡಿ ಅಂತ. ನಾನು ಅದನ್ನ ಕಳೆದುಹಾಕಿ, ಅದೇ ಬಟ್ಟೆ, ಅದೇ ಬಣ್ಣ, ಹೊಸ ಕೋಟು ಹೊಲಿದುಕೊಡ್ತೀನಿ. ಚೆನ್ನಾಗೇ ಇರುತ್ತೆ." ಹಲ್ಲಿನಲ್ಲಿ ದಾರ ಕಡಿದ. "ನಾನಾದ್ರೆ ಮೊದಲು ಗುಜರಿಗೆ ಹೋಗಿ ನೋಡ್ತೀನಿ. ಕಬ್ಬಿಣ ಕರಗಿಸೋಕೆ ಹೋಗೋ ಮುಂಚೆ."

ಗುರುವಾರ ಬೆಳಿಗ್ಗೆ, ಗುಜರಿಯವನು ಬೀಗ ತೆಗೆಯುವ ಮುಂಚೆಯೇ ಅವಳು ಬಾಗಿಲಲ್ಲಿದ್ದಳು. ಕಂಕುಳಲ್ಲಿ ಕಾಗದ ಸುತ್ತಿದ ಹೊಸ ಸ್ಟೀರಿಂಗು. ಯಾಕೆ ತಂದೆನೆಂದು ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಗುಜರಿಯವನು ತಲೆ ಕೆರೆದುಕೊಂಡ. ನಾಲ್ಕು ತಿಂಗಳ ಹಿಂದಿನ ಮಾತು. ಆ ಗಾಡಿಯ ಮಾಲು ಅರ್ಧ ಕರಗಿಸುವ ಒಲೆಗೆ ಹೋಗಿತ್ತು. ನಂಬರಕ್ಕ ಸ್ಟೀರಿಂಗಿನ ಬಣ್ಣ, ದಪ್ಪವನ್ನು ಇನ್ನೊಮ್ಮೆ ಹೇಳಿದಳು.

"ಕರೀದಾ? ದಪ್ಪಗೆ? ತಡೀರಿ ಅಕ್ಕ. ಕರಗೋಕೆ ಹೋಗಿಲ್ಲ ಅದು. ಡ್ರೈವಿಂಗ್ ಸ್ಕೂಲಿನ ಟೀಚರಮ್ಮ ಬಂದು ಎತ್ಕೊಂಡ್ ಹೋದ್ರು."

ಡ್ರೈವಿಂಗ್ ಸ್ಕೂಲು ಎರಡು ಬೀದಿ ಆಚೆ, ಮೆಟ್ಟಿಲ ಕೆಳಗಿನ ಒಂದು ಕೋಣೆ. ಗೋಡೆಯ ತುಂಬ ರಸ್ತೆ ಚಿಹ್ನೆಗಳು. ನಡುವೆ ಮರದ ಸ್ಟ್ಯಾಂಡಿಗೆ ಬಿಗಿದ ಕಪ್ಪು ಸ್ಟೀರಿಂಗು, ಅದರ ಮುಂದೆ ಸ್ಟೂಲು, ಸ್ಟೂಲಿನ ಮೇಲೆ ಹಿಟ್ಟು ಮೆತ್ತಿದ ತೋಳಿನ ಬೇಕರಿಯವನು. ಟೀಚರಮ್ಮ ಪಕ್ಕದಲ್ಲಿ ನಿಂತು ಹೇಳುತ್ತಿದ್ದಳು, "ಎಡಕ್ಕೆ ತಿರುಗಿಸಿ. ಕೈ ಮೇಲೆ ಕೈ. ಹಿಟ್ಟು ನಾದ್ತಿಲ್ಲ ನೀವು, ನಿಧಾನ."

ನಂಬರಕ್ಕ ಬಳೆಯ ಹಿಂಬದಿಗೆ ಬೆರಳು ಹಾಕಿದಳು. ಸವೆದ ಜಾಗ ಬೆರಳಿಗೆ ಸಿಕ್ಕಿತು. ನಿಟ್ಟುಸಿರು ಬಿಟ್ಟು, ಇದ್ದದ್ದನ್ನು ಇದ್ದಂತೆ ಹೇಳಿದಳು.

ಟೀಚರಮ್ಮ ಪೂರ್ತಿ ಕೇಳಿ ತಲೆಯಾಡಿಸಿದಳು. "ಕೊಡೋಕಾಗಲ್ಲ ಅಕ್ಕ. ಇದಕ್ಕೆ ಮುಂಚೆ ಮೂರು ಇಟ್ಟಿದ್ದೆ. ಎಡಗೈ ಎಲ್ಲಿಡಬೇಕು ಅಂತ ಹೇಳಿ ಹೇಳಿ ಗಂಟಲು ಬಿದ್ದುಹೋಗ್ತಿತ್ತು. ಇದು ಬಂದ ಮೇಲೆ ನಾನು ಹೇಳೋದೇ ಇಲ್ಲ. ಆ ನುಣುಪು ಜಾಗಕ್ಕೆ ಕೈ ತಾನಾಗಿ ಹೋಗಿ ಕೂರುತ್ತೆ. ನಿಮ್ಮ ಮೇಷ್ಟ್ರ ಅಪ್ಪ ನನಗಿಂತ ಒಳ್ಳೆ ಮೇಷ್ಟ್ರು."

"ಇದಕ್ಕೆ ಬದಲು ಇದು ಇಟ್ಕೊಳ್ಳಿ. ಇದೇ ನಂಬರು. ಕಾರ್ಖಾನೆಯಿಂದ ಬಂದ ಮೇಲೆ ಯಾರೂ ಮುಟ್ಟಿಲ್ಲ."

"ಅದೇ ತೊಂದರೆ. ಯಾರೂ ಮುಟ್ಟಿಲ್ಲ," ಎಂದಳು ಟೀಚರಮ್ಮ. ಕಾಗದ ಸರಿಸಿ ಹೊಸದರ ಬಳೆಯನ್ನು ಸವರಿ ನೋಡಿದಳು. "ಇದರಲ್ಲೂ ಅಂಥದ್ದೇ ಜಾಗ ಮಾಡಿಕೊಟ್ರೆ ಆಗ್ಲಿ. ತಗೊಂಡ್ ಹೋಗಿ."

ಬೇಕರಿಯವನು ಉತ್ಸಾಹದಿಂದ ಎದ್ದು, ಪಕ್ಕದ ಬಡಗಿಯ ಹತ್ತಿರ ಮರ ಉಜ್ಜುವ ಉಪ್ಪುಕಾಗದ ಇಸಿದುಕೊಂಡು ಬಂದ. ನಂಬರಕ್ಕ ಕಾಗದ ಬಿಚ್ಚಿದ ಸ್ಟೀರಿಂಗನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಳು. ಐವತ್ತು ವರ್ಷ ಯಾರ ಬೆವರೂ ತಾಕದೆ ಬಂದ ವಸ್ತು. ಇಂಥದ್ದಕ್ಕೆ ಒಂದು ಗೀರು ಬಿದ್ದರೂ ಗಿರಾಕಿಗಳನ್ನು ಗದರುತ್ತಿದ್ದವಳು ಅವಳು. ಒರೆಸುವ ಬಟ್ಟೆಯನ್ನು ಕೂಡ ಅವಳೇ ಆರಿಸುತ್ತಿದ್ದಳು.

"ನಾನು ಉಜ್ಜಿಕೊಡ್ಲಾ?" ಎಂದ ಬೇಕರಿಯವನು.

"ಬೇಡಪ್ಪ. ನಾನೇ ಮಾಡಬೇಕು."

ಉಜ್ಜತೊಡಗಿದಳು. ಮೊದಲ ಎಳೆತಕ್ಕೆ ಕಪ್ಪು ಪುಡಿ ಸೀರೆಯ ಮೇಲೆ ಉದುರಿದಾಗ ಹಲ್ಲು ಜುಮ್ಮೆಂದಿತು. ಆಮೇಲೆ ಕೈಗೆ ಕೆಲಸ ಹಿಡಿಸಿತು. ಹಳೆಯದರ ಮೇಲೆ ಒಂದು ಬೆರಳು, ಹೊಸದರ ಮೇಲೆ ಒಂದು ಬೆರಳು ಇಟ್ಟು ತಾಳೆ ನೋಡುತ್ತ, ಇನ್ನಷ್ಟು, ಇನ್ನಷ್ಟು ಎಂದು ಉಜ್ಜಿದಳು. ಆ ಮನುಷ್ಯ ಹೆಬ್ಬೆರಳನ್ನು ಮೇಲಿಟ್ಟು, ನಾಲ್ಕು ಬೆರಳನ್ನು ಹಿಂದಕ್ಕೆ ಮಡಚಿ, ಕಿರುಬೆರಳನ್ನು ತುಸು ಬಿಡಿಸಿ ಹಿಡಿಯುತ್ತಿದ್ದ ಎಂಬುದು ಅವಳಿಗೆ ಗೊತ್ತಾಯಿತು. ಗಡಿಯಾರದವನ ಹಿಡಿತ. ಯಾವ ಪುಟದಲ್ಲೂ ಬರೆದಿರಲಿಲ್ಲ ಅದು. ಒಂದು ತಾಸು ಹಿಡಿಯಿತು. ಟೀಚರಮ್ಮ ಕಣ್ಣು ಮುಚ್ಚಿ ಹೊಸದನ್ನು ಹಿಡಿದು ನೋಡಿ, "ಬಂತು," ಎಂದಳು.

ಶುಕ್ರವಾರ ಗ್ಯಾರೇಜಿನಲ್ಲಿ ಮೇಷ್ಟ್ರ ಎದುರು ಅವಳು ಹಳೆಯ ಸ್ಟೀರಿಂಗನ್ನು ಬಾನೆಟ್ಟಿನ ಮೇಲಿಟ್ಟಳು.

"ತಪ್ಪಾಯ್ತು ಮೇಷ್ಟ್ರೇ. ಇದೇ ನಿಮ್ಮದು. ನೀವು ಹೇಳಿದ್ದೇ ಸರಿ, ನಾನು ಹೇಳಿದ್ದು ತಪ್ಪು. ನೀವು ಹೇಳ್ತಾ ಇರೋವಾಗ್ಲೇ ಎಸೆದವಳು ನಾನು." ಏಳು ವಾರದ ಕತೆಯನ್ನೂ, ತಾತ ಹೇಳಿದ ವಾಷರಿನ ಕತೆಯನ್ನೂ ತಡವರಿಸುತ್ತ ಹೇಳಿದಳು.

ಮೇಸ್ತ್ರಿ ತಲೆಯ ಮೇಲೆ ಕೈಹೊತ್ತ. "ಮತ್ತೆ ಬಿಚ್ಚಬೇಕಾ?" ಎಂದು ಗೊಣಗುತ್ತಲೇ ಬಿಸ್ಕತ್ತಿನ ಡಬ್ಬಿ ತಡಕಾಡತೊಡಗಿದ.

ಮೇಷ್ಟ್ರು ಸ್ಟೀರಿಂಗನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಎಡಗೈ ಹುಡುಕದೆಯೇ ಜಾಗ ಕಂಡುಕೊಂಡಿತು. ಬೈಗುಳ ಬರಲಿ ಎಂದು ನಂಬರಕ್ಕ ಕಾದಳು, ಬೈದಿದ್ದರೆ ಹಗುರವಾಗುತ್ತಿತ್ತು.

"ನನ್ನದೂ ತಪ್ಪಿದೆಯಮ್ಮ," ಎಂದರು ಕೊನೆಗೆ. "ನನಗೆ ಗೊತ್ತಿತ್ತು. ಹುಡುಗನಿದ್ದಾಗ ಅಪ್ಪನ ಪಕ್ಕ ಕೂತು ಹಿಡ್ಕೊಂಡಿದ್ದು ಇದನ್ನೇ. ಆದರೂ ಪುಟ ತೋರಿಸಿದ ಕೂಡಲೇ ಒಪ್ಪಿಬಿಟ್ಟೆ. ಹುಡುಗರಿಗೆ ನಲವತ್ತು ವರ್ಷ ಹೇಳಿಕೊಟ್ಟಿದ್ದು ಏನು? ಉತ್ತರ ಸರಿ ಅಂತ ಗೊತ್ತಿದ್ರೆ, ಪುಸ್ತಕದ ಹಿಂದಿನ ಪುಟ ಏನೇ ಹೇಳಿದ್ರೂ ಇನ್ನೊಂದು ಸಲ ಲೆಕ್ಕ ಮಾಡಿ ಅಂತ. ನಾನೇ ಮಾಡಲಿಲ್ಲ." ಆಮೇಲೆ ಕೇಳಿದರು, "ಒಲೆಗೆ ಹೋಗಿದ್ದಿದ್ರೆ ಏನು ಮಾಡ್ತಿದ್ರಿ?"

"ಆಗಲೂ ಬಂದು ಹೇಳ್ತಿದ್ದೆ ಅನ್ಸುತ್ತೆ," ಎಂದಳು ಅವಳು. "ಗ್ಯಾರಂಟಿ ಕೊಡಲ್ಲ."

ಮೇಷ್ಟ್ರು ನಕ್ಕರು. ಈ ಸಲದ ನಗು ಎಲ್ಲಿಯವರೆಗೆ ಹೋಯಿತೆಂದು ಅವಳು ನೋಡಿದಳು. ಕಣ್ಣಿನ ಮೂಲೆಯವರೆಗೂ ಹೋಗಿತ್ತು.

ಭಾನುವಾರ ಬೆಳಿಗ್ಗೆ ಮೇಷ್ಟ್ರ ಅಕ್ಕ ಕೋಲೂರಿಕೊಂಡು ಬಂದು, ಹಿಂದಿನ ಸೀಟಿನಲ್ಲಿ ಕೂತು, ಎಡಕ್ಕೆ ಬಲಕ್ಕೆ ನೋಡಿದರು. ನಂಬರಕ್ಕ, ಅವಳ ಗಂಡ, ಮೇಸ್ತ್ರಿ ಮೂವರೂ ರಸ್ತೆಬದಿಯಲ್ಲಿ ಪರೀಕ್ಷೆ ಬರೆದವರ ಹಾಗೆ ನಿಂತಿದ್ದರು.

"ಎಂಟು ತಿಂಗಳು ಏನು ಮಾಡಿದ್ರೋ?" ಎಂದು ಅಕ್ಕ ತಮ್ಮನನ್ನು ಕೇಳಿದರು. "ಇದು ಇದ್ದ ಹಾಗೇ ಇದೆಯಲ್ಲೋ."

ಮೇಸ್ತ್ರಿಯ ಮುಖ ಇಂಗು ತಿಂದ ಮಂಗನಂತಾಯಿತು. ದರ್ಜಿ ಕೊರಳ ಟೇಪನ್ನು ಬಾಯಿಗೆ ಒತ್ತಿಕೊಂಡು ನಗು ತಡೆದ. ಕಾರು ಒಮ್ಮೆ ಕೆಮ್ಮಿ, ಬೀದಿಯ ತಿರುವಿನಲ್ಲಿ ನಿಧಾನಕ್ಕೆ ಎಡಕ್ಕೆ ಹೊರಳಿತು. ನಂಬರಕ್ಕನಿಗೆ ಇಷ್ಟು ದೊಡ್ಡ ಸರ್ಟಿಫಿಕೇಟನ್ನು ಅಲ್ಲಿಯವರೆಗೆ ಯಾರೂ ಕೊಟ್ಟಿರಲಿಲ್ಲ.

ಮರುದಿನ ಅವಳು ಇನ್ನೂರು ಪುಟದ ಗೆರೆ ಹಾಕಿದ ನೋಟ್‌ಬುಕ್ಕೊಂದನ್ನು ಕೊಂಡು ಎಡಚ ತಾತನ ಮನೆಯ ಜಗುಲಿಯಲ್ಲಿ ಹೋಗಿ ಕೂತಳು.

"ಪುಸ್ತಕದಲ್ಲಿ ಇಲ್ದೇ ಇರೋದು ಇನ್ನೇನೇನು ಹಾಕಿದ್ರಿ ತಾತ? ಎಲ್ಲಾ ಹೇಳಿ. ಬರ್ಕೋತೀನಿ."

ತಾತನಿಗೆ ಇಂಥ ಪ್ರಶ್ನೆಯನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಬೆನ್ನಿಗೆ ದಿಂಬು ಸರಿಮಾಡಿಕೊಂಡ. "ಹಸಿರು ಸೀಟಿಂದು ಮೊದಲು ಹೇಳ್ತೀನಿ. ಕೆಂಪು ಬಟ್ಟೆ ಮುಗಿದು ಹಸಿರು ಹಾಕಿ ಕಳಿಸಿದ್ವಿ, ಮೂವತ್ತು ಕಾರಿಗೆ. ಸ್ಟೀರಿಂಗಿನ ಮರುವರ್ಷ ಅದು."

"ಮರುವರ್ಷ ಅಲ್ಲ," ಎಂದಳು ಒಳಗಿನಿಂದ ಅಜ್ಜಿ. "ನಿಮ್ಮ ಕಾಲು ಉಳುಕಿ, ನಾನು ಬುತ್ತಿ ಡಬ್ಬಿ ಗೇಟಿಗೆ ತಂದುಕೊಡ್ತಿದ್ದೆನಲ್ಲ, ಆ ವರ್ಷ. ಸ್ಟೀರಿಂಗಿಗಿಂತ ಮುಂಚೆ."

"ಕಾಲಲ್ಲ ಅದು, ಸೊಂಟ."

"ಕಟ್ಟು ಹಾಕಿದವಳು ನಾನು. ಕಾಲು."

ನಂಬರಕ್ಕ ಇಬ್ಬರ ಮುಖವನ್ನೂ ನೋಡಿದಳು. ಪೆನ್ನಿನ ಮುಚ್ಚಳ ತೆಗೆದು, ಹಸಿರು ಸೀಟು, ಮೂವತ್ತು ಕಾರು ಎಂದು ಬರೆದಳು. ಅದರ ಮುಂದೆ ತಾತನ ಇಸವಿಯನ್ನೂ, ಅದರ ಕೆಳಗೆ ಅಜ್ಜಿಯ ಇಸವಿಯನ್ನೂ ಬರೆದಳು. ಕಾಲು ಅಥವಾ ಸೊಂಟ ಎಂದು ಅಂಚಿನಲ್ಲಿ ಗುರುತು ಹಾಕಿಕೊಂಡು, "ಮುಂದೆ ಹೇಳಿ," ಎಂದಳು.